ಬಿಸಿಲಿಗಿಟ್ಟ ಟೈರ್ ಎಣ್ಣೆ

ಕಾಪು,
ಜನವರಿ ೧೨, ೨೦೨೫

ಪ್ರೀತಿಯ ಪುತಾ ಇವಾನ್,

ಸೌಖ್ಯವಾಗಿದ್ದೀಯಲ್ಲ? ಇಂಜಿನ್ ರೂಮಿನ ಸೆಖೆಯಲ್ಲಿ ನೀರು ಸರಿಯಾಗಿ ಕುಡಿ. ಅಜ್ಜನಿಗೆ ಈಗ ಆಕ್ಸಿಜನ್ ಮೆಷಿನ್ ಹಗಲೂ ರಾತ್ರಿ ಬೇಕು. ನಾನು ಗಟ್ಟಿ ಇದ್ದೇನೆ, ನಿನ್ನ ಅಪ್ಪನ ತಮ್ಮ ಫೌಸ್ಟಿನ್ ಬಾಪ್ಪುವನ್ನು ಸಹಿಸುವಷ್ಟು ಗಟ್ಟಿ. ನಡುಗಡಲಲ್ಲಿ ನಿನ್ನ ಫೋನ್ ಸಿಗುವುದಿಲ್ಲ, ಸಿಕ್ಕಿದಾಗ ಆ ಮಹಾನುಭಾವ ಪಕ್ಕದಲ್ಲೇ ಕಿವಿ ಕೊಟ್ಟು ಕೂರುತ್ತಾನೆ. ಅದಕ್ಕೇ ನಿನ್ನ ಹಡಗಿಗೆ ಸೇರಲು ಹೊರಟಿರುವ ಲಿಡ್ವಿನ್ ಕೈಯಲ್ಲಿ ಈ ಕಾಗದ.

ಕರೆಂಟ್ ಹೋದರೂ ಅಜ್ಜನ ಮೆಷಿನ್ ನಿಲ್ಲಬಾರದೆಂದು ನೀನು ಜನರೇಟರ್ ಕೊಡಿಸಿದೆ. ಅದಕ್ಕೆ ಪಂಪಿನ ಡೀಸೆಲ್ ಹಾಕಿದರೆ ಬಾಪ್ಪುವಿನ ಬುದ್ಧಿವಂತಿಕೆಗೆ ಅವಮಾನವಲ್ಲವೇ? ಹಳೇ ಟೈರ್ ಸುಟ್ಟು ಇಳಿಸಿದ ಎಣ್ಣೆಯನ್ನು ಹಿರಿಯಡ್ಕದಿಂದ ಹೊತ್ತು ತಂದಿದ್ದಾನೆ. ಕೊಳೆತ ಬೂತಾಯಿ ಮೀನೇ ವಾಸಿ, ಅಂಥ ನಾತ. ಕೇಳಿದರೆ, "ಅತ್ತಿಗೆ, ನಿಮಗೆ ಎಂತ ಗೊತ್ತುಂಟು? ಹಡಗಿನಲ್ಲಿ ಡಾಮರಿನಂಥ ಎಣ್ಣೆ ಉರಿಸುತ್ತಾರೆ. ಬಿಸಿ ಮಾಡಿದರೆ ಆಯ್ತು. ಇವಾನೇ ಹೇಳಿದ್ದಲ್ವಾ!" ಎಂದ. ಎಣ್ಣೆಯ ನೀರು, ಕಸ ತೆಗೆಯಬೇಕು, ನಾಝಲ್ ಅದನ್ನು ಮಂಜಿನಷ್ಟು ಸಣ್ಣಗೆ ಸಿಂಪಡಿಸಬೇಕು, ಇಲ್ಲದಿದ್ದರೆ ಅರ್ಧ ಉರಿದು ಅರ್ಧ ಹೊಗೆಯಾಗುತ್ತದೆ ಎಂದೂ ನೀನು ಹೇಳಿದ್ದೆ, ನಾನೂ ಕೇಳಿದ್ದೇನೆ. ಅವನ ತಲೆಗೆ ಹೋದದ್ದು 'ಬಿಸಿ' ಒಂದೇ. ಚಳಿಗೆ ಗಟ್ಟಿಯಾದ ತೆಂಗಿನೆಣ್ಣೆಯ ಬಾಟಲಿ ಇಡುವ ಹಾಗೆ ಕ್ಯಾನನ್ನು ಅಂಗಳದ ಬಿಸಿಲಿಗಿಡುತ್ತಾನೆ! ಸೋಸುವುದು ಯಾವುದರಲ್ಲಿ? ಮದುವೆಯ ಮುನ್ನಾದಿನ ನಿನ್ನ ಅಕ್ಕ ಮೆಲಿಷಾಳ ರೋಸಿಗೆ, ಅವಳ ಮೈಗೆ ಹಚ್ಚಲೆಂದು, ನಾನು ತೆಂಗಿನಹಾಲು ಹಿಂಡಿದ ಬಟ್ಟೆಯಲ್ಲಿ. ಎತ್ತಿಟ್ಟಿದ್ದೆ, ಪುತಾ. ಈಗ ಮಸಿಯ ಮುದ್ದೆ.

ಇಂಜಿನ್ ಕರೀ ಹೊಗೆ ಕಾರಿದರೆ ಇಂಜಿನ್ನೇ ಸರಿಯಿಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನು ಇಟ್ಟದ್ದಾದರೂ ಎಲ್ಲಿ? ವಯರ್ ಉಳಿಯಲಿ ಎಂದು ಅಜ್ಜನ ಕಿಟಕಿಯ ಕೆಳಗೆ. ನಾನು ಒಂದು ಕ್ಯಾನ್ ಬಚ್ಚಿಟ್ಟೆ, ಅವನು ಎರಡು ತಂದ. ಇಂಥವನಿಗೆ ಇಗರ್ಜಿಯ ಜನರೇಟರ್ ನೋಡಿಕೊಳ್ಳುವ ಆಸೆ ಬೇರೆ.

ಕಡಲಿನಲ್ಲಿ ದೇವರು ನಿನ್ನ ಕೈಬಿಡದಿರಲಿ. ಮೆಲಿಷಾ ನಿನ್ನನ್ನು ಕೇಳಿದ್ದಾಳೆ.

ನಿನ್ನ ಅಮ್ಮ,
ವೆರೊನಿಕಾ

ಅವಸರದಲ್ಲಿ: ಲಿಡ್ವಿನ್ ಗೇಟಿಗೆ ಬಂದಿದ್ದಾನೆ. ಈಗಷ್ಟೇ ಕರೆಂಟ್ ಹೋಯಿತು, ಬಾಪ್ಪು ಇಂಜಿನ್ ಹಾಕಿದ, ಕೋಣೆಯೆಲ್ಲ ಹೊಗೆ. ಇದು ಸಿಕ್ಕಿದ ಕೂಡಲೇ ಫೋನ್ ಮಾಡಿ ನಿನ್ನ ಬಾಯಿಂದಲೇ ಆ ಎಣ್ಣೆ ಬೇಡವೆನ್ನು. ಅವನು ಕೇಳುವುದು ಹಡಗಿನವನ ಮಾತು ಮಾತ್ರ. ಅಜ್ಜ ಮೂಗಿನ ಪೈಪ್ ಕಿತ್ತು ಕೈಯಲ್ಲಿ ಹಿಡಿದು, "ಆ ಇಂಜಿನ್ ಬಂದ್ ಮಾಡಿ, ನನಗೆ ಸ್ವಲ್ಪ ಉಸಿರಾಡಬೇಕು" ಎನ್ನುತ್ತಿದ್ದಾರೆ.