ಅಮ್ಮನ ಉಪ್ಪುಗಂಜಿ

ಏಪ್ರಿಲ್ 4, ಬೆಳಗಿನ ಸ್ನಾನದ ನಂತರ

ಹೆತ್ತು ಹನ್ನೊಂದನೆಯ ದಿನ. ಗೊಗ್ಗೊ ದೇಲು — ಅಪ್ಪನ ತಂಗಿ, ಊರಿನ ಬಾಣಂತನಕ್ಕೆಲ್ಲ ಅವಳೇ ಯಜಮಾನಿ — ಕುದಿನೀರಿಗೆ ಬೇವಿನ ಟೊಂಗೆ ಅದ್ದಿ ಅದ್ದಿ ಬೆನ್ನಿಗೆ ಬಾರಿಸಿದಳು. ಆಮೇಲೆ ಮಣ್ಣಿನ ಮಂಚ, ಕೆಳಗೆ ಬೆಂಕಿ. ಹೊರಗೇ ನಲವತ್ತು ಡಿಗ್ರಿ! ಆಮೇಲೆ ಅಮ್ಮನ ಸಜ್ಜೆಗಂಜಿ, ಅದಕ್ಕೆ ಕುಟ್ಟಿ ಹಾಕಿದ ಕನ್ವಾ ಎಂಬ ಸೌಳುಪ್ಪು. ದಿನಕ್ಕೆ ಮೂರು ಬಟ್ಟಲು, ನಲವತ್ತು ದಿನ. ಚೊಚ್ಚಲಿಗೆ ತವರಿಗೆ ಬಂದದ್ದೇ ಇದಕ್ಕೆ.

"ಉಪ್ಪು ಜಾಸ್ತಿ ಆಯ್ತು, ಇನ್ನಾ," ಅಂದೆ ಅಮ್ಮನಿಗೆ. ನಾವೆಲ್ಲ ಅವಳನ್ನು ಇನ್ನಾ ಎಂದೇ ಕರೆಯುವುದು.

ಗೊಗ್ಗೊ ಬಿಡುತ್ತಾಳೆಯೇ? "ಅಯ್ಯೋ ಹಿಂದಾತು ಟೀಚರಮ್ಮ, ನಿನ್ ಬಯಾಲಜಿ ಪುಸ್ತಕ ಯಾವತ್ತಾದ್ರೂ ಹೆತ್ತಿದ್ಯಾ? ಸುಮ್ನೆ ಕುಡಿ."

ಕುಡಿದೆ.

ಏಪ್ರಿಲ್ 9

ಕಾಲು ಊದಿದೆ. ಹೆಬ್ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ, ಏಳುವುದೇ ಇಲ್ಲ.

"ಮೈ ತುಂಬ್ಕೊಳ್ತಿದೆ," ಅಂದಳು ಗೊಗ್ಗೊ. ಖುಷಿಯೋ ಖುಷಿ.

ಹುಡುಗಿಯರಿಗೆ ಪಾಠ ಮಾಡುವವಳು ನಾನು. ಉಪ್ಪು ಹೆಚ್ಚಾದರೆ ಬಾಯಾರಿಕೆ, ನೀರು ಹೆಚ್ಚಾದರೆ ಮೂತ್ರ, ಬಿಸಿ ಹೆಚ್ಚಾದರೆ ಬೆವರು. ದೇಹ ತನ್ನನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ — ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಹಾಗಾದರೆ ಸರಿದೂಗಿಸಲಿ. ಯಾಕೆ ಆಗುತ್ತಿಲ್ಲ? ಬೆವರು ಸುರಿಯುತ್ತಿದೆ, ಆದರೂ ತೂಕ ಏರುತ್ತಿದೆ... ಎಲ್ಲಿ ತಪ್ಪಿದೆಯೋ ತಿಳಿಯದು.

ಏಪ್ರಿಲ್ 10

ಬೇಡ ಅನ್ನುವುದು ಅಷ್ಟು ಸುಲಭವಲ್ಲ. ಅಕ್ಕ ತಲಾತು ಮೂರು ವರ್ಷದ ಹಿಂದೆ ಇದೇ ಮಂಚದ ಮೇಲೆ ತೀರಿಕೊಂಡಳು, ಹೆತ್ತ ಐದನೇ ವಾರ. ಆಗ ಚಳಿಗಾಲ. ಸೌದೆ ಮುಗಿದು ನಾಲ್ಕು ದಿನ ಬಿಸಿಸ್ನಾನ ತಪ್ಪಿತ್ತು. ಶೀತ ಒಳಗೆ ಹೊಕ್ಕಿತು ಎಂದರು ಎಲ್ಲರೂ. ಅಂದಿನಿಂದ ಅಮ್ಮ ಆ ನಾಲ್ಕು ದಿನಗಳನ್ನು ಮರೆತಿಲ್ಲ. ಈ ಸಲ ಮೂರು ಗಾಡಿ ಸೌದೆ ಒಟ್ಟಿದ್ದಾಳೆ. ತಂಗಿ ಅಸಾಬೆ ಈಗ ಆರು ತಿಂಗಳ ಬಸುರಿ; ಅವಳಿಗೂ ಈಗಲೇ ಸೌದೆ ಹೇಳಿಟ್ಟಿದ್ದಾಳೆ.

"ನಿನ್ನ ನಾನು ಬಿಟ್ಕೊಡಲ್ಲ ಕಣೇ," ಎನ್ನುತ್ತಾ ಬಟ್ಟಲು ಹಿಡಿಯುತ್ತಾಳೆ. ಇಂಥವಳಿಗೆ ಹೇಗೆ ಬೇಡ ಅನ್ನಲಿ?

ಏಪ್ರಿಲ್ 17, ಮಧ್ಯಾಹ್ನ

ಅಂಗಾತ ಮಲಗಲು ಆಗುತ್ತಿಲ್ಲ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಮಗುವನ್ನು ಎತ್ತಿದರೂ ಎದೆ ಡವಡವ.

ತಲಾತು ಕೂಡ ಹೀಗೆ ಗೋಡೆಗೆ ಒರಗಿಯೇ ಕೂರುತ್ತಿದ್ದಳು. ಅವಳ ಕಾಲೂ ಊದಿತ್ತು. "ಆನೆ ಬಂತು ಆನೆ" ಎಂದು ನಾನೇ ಗೇಲಿ ಮಾಡಿದ್ದೆ... ಯಾವಾಗ? ನನಗೆ ಕಾಲೇಜಿನ ರಜೆ. ಅಂಗಳದಲ್ಲಿ ಸೌದೆ ಇನ್ನೂ ಇತ್ತು, ಅದರ ಮೇಲೇ ಕೂತಿದ್ದೆ. ಅಂದರೆ ಶೀತಕ್ಕೆ ಮೊದಲೇ. ಹಾಗಾದರೆ —

ಮುಂದೆ ಬರೆಯಲಾರೆ.

ಏಪ್ರಿಲ್ 18

ಗಂಜಿಯನ್ನು ಕಿಟಕಿಯಾಚೆ ಚೆಲ್ಲಿದೆ. ಅಮ್ಮ ನೋಡಿಬಿಟ್ಟಳು. ಬೈಯಲಿಲ್ಲ. "ನನ್ ಕೈಯನ್ನ ನಂಬಲ್ವೇನೇ? ತಲಾತು ವಿಷಯಕ್ಕಾ?" ಎಂದು ಅತ್ತಳು.

ಇನ್ನೊಂದು ಬಟ್ಟಲು ತರಿಸಿ ಪೂರ್ತಿ ಕುಡಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಏಪ್ರಿಲ್ 24, ಆಸ್ಪತ್ರೆ

ಗಂಡ ಸನುಸಿ ನೋಡಲು ಬಂದವನು ನನ್ನ ತುಟಿ ನೀಲಿಗಟ್ಟಿದ್ದು ಕಂಡು, ಯಾರ ಮಾತೂ ಕೇಳದೆ ಕಾರಿಗೆ ಹಾಕಿಕೊಂಡು ಬಂದನಂತೆ. ಎರಡು ದಿನ ಸರಿಯಾಗಿ ನೆನಪಿಲ್ಲ. ಹೃದಯ ಹಿಗ್ಗಿದೆ, ಸೋತಿದೆ. ನೀರಿಳಿಸುವ ಮಾತ್ರೆ ಕೊಡುತ್ತಿದ್ದಾರೆ.

"ಉಪ್ಪಿಂದಲೇನಾ ಡಾಕ್ಟರ್?"

"ಹಾಗೆ ಒಂದೇ ಕಾರಣ ಹೇಳಕ್ಕಾಗಲ್ಲಮ್ಮ. ಗಂಜಿ ಮುಟ್ಟದೋರಿಗೂ ಬರುತ್ತೆ. ಆದ್ರೆ ಸೋತ ಹೃದಯಕ್ಕೆ ಉಪ್ಪು ಹೊರೆ. ಬಿಸಿನೀರು, ಬೆಂಕಿ, ಎಲ್ಲ ನಿಲ್ಸಿ."

ಡಾಕ್ಟರಮ್ಮ ಇನ್ನೊಂದನ್ನೂ ಹೇಳಿದಳು. ಹೃದಯ ಸೋತಾಗ ಮೂತ್ರಪಿಂಡಕ್ಕೆ ರಕ್ತ ಕಡಿಮೆ ಬರುತ್ತದೆ. ಮೈ ಒಣಗುತ್ತಿದೆ ಎಂದು ಅದು ತಿಳಿಯುತ್ತದೆ. ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಇನ್ನಷ್ಟು, ಇನ್ನಷ್ಟು. ಅಂದರೆ ನನ್ನನ್ನು ಮುಳುಗಿಸುತ್ತಿದ್ದದ್ದು ಆ ಸರಿದೂಗಿಸುವ ಕೆಲಸವೇ! ಪಾಠದಲ್ಲಿ ಇದನ್ನು ಹೇಳಿಕೊಟ್ಟದ್ದೇ ಇಲ್ಲ ನಾನು. ದೇಹದ ಮೇಲೆ ಸಿಟ್ಟು ಮಾಡಲೂ ಆಗದು. ನನ್ನನ್ನು ಉಳಿಸಲೆಂದೇ ಅದು ಮಾಡಿದ್ದು, ಪಾಪ.

ಏಪ್ರಿಲ್ 26, ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು

ಅಮ್ಮ ಬಂದಳು, ಬರಿಗೈಯಲ್ಲಿ. ನನ್ನ ಕಾಲು ಮುಟ್ಟಿ ನೋಡಿದಳು. ಮೂಳೆ ಕಾಣುವಷ್ಟು ಇಳಿದಿದೆ.

"ಗಂಜಿ ಬಿಟ್ಟಿದ್ದಕ್ಕಾ?"

"ಮಾತ್ರೆಗೆ, ಇನ್ನಾ."

ಹೊದಿಕೆ ಎಳೆದು ನನ್ನ ಕಾಲು ಮುಚ್ಚಿದಳು. ಆಮೇಲೆ, "ತಲಾತು ಕಾಲು ಯಾವಾಗ ಊದಿದ್ದು? ನಂಗೆ ಎಷ್ಟು ಯೋಚ್ನೆ ಮಾಡಿದ್ರೂ ಬರ್ತಿಲ್ಲ. ನೀನು ಮನೇಲಿದ್ಯಲ್ಲ... ಸೌದೆ ಮುಗಿಯಕ್ ಮುಂಚೇನಾ, ಆಮೇಲಾ?"

ನಾನು ಈ ಡೈರಿ ಕೈಗೆತ್ತಿಕೊಂಡೆ. "ಪ್ರಾರ್ಥನೆ ಮುಗ್ಸಿ ಬರ್ತೀನಿ. ಅಷ್ಟ್ರಲ್ಲಿ ನೆನಪು ಮಾಡ್ಕೋ," ಎಂದು ಹೋದಳು.

ಆಮೇಲೆ ಎಂದರೆ ಅವಳಿಗೆ ಅದೇ ಹಳೆಯ ನಾಲ್ಕು ದಿನ. ಹೇಗೋ ಅದರ ಜೊತೆ ಬದುಕುವುದನ್ನು ಕಲಿತಿದ್ದಾಳೆ. ಮುಂಚೆ ಎಂದರೆ ತಲಾತುವಿಗೆ ಗಂಜಿ ಕುಡಿಸಿದ ಅವಳ ಕೈ, ಅವಳ ಬಟ್ಟಲು. ಡಾಕ್ಟರಿಗೇ ಖಚಿತವಿಲ್ಲ, ನಾನು ಯಾರು ಹೇಳಲು? ನೆನಪಿಲ್ಲ ಎಂದುಬಿಡಲೇ? ಆದರೆ ಅಸಾಬೆ... ಅವಳಿಗೆ ಇನ್ನೂ ಎರಡು ಗಾಡಿ ಹೆಚ್ಚು ಸೌದೆ ತರಿಸುತ್ತಾಳೆ, ಇನ್ನೂ ಒಂದು ಮುಷ್ಟಿ ಉಪ್ಪು...

ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಕಣ್ಣಲ್ಲೇ ಕೇಳುತ್ತಿದ್ದಾಳೆ.

ಮುಂಚೆ, ಇನ್ನಾ. ಸೌದೆ ಮುಗಿಯುವ ಮುಂಚೆಯೇ ಅವಳ ಕಾಲು —