ಪಿಕಳಾರದ ಮೊಣಕಾಲು

ತಾ. ೧೪, ಮಂಗಳವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ತಪ್ಪಿಲ್ಲ. ಹಗಲೆಲ್ಲ ಪೆನ್ಸಿಲ್ ಹಿಡಿದು ಬೆರಳು ಜೋಮು ಹಿಡಿದಿರುತ್ತದೆ, ಆಮೇಲೆ ಪೆನ್ನು ಯಾರಿಗೆ ಬೇಕು?

ನಿನ್ನ ಭಾವನಿಗೆ ಪಾರ್ಶ್ವವಾಯು ಹೊಡೆದು ಏಳು ತಿಂಗಳಾಯಿತು. ಬಲಗೈ ಇನ್ನೂ ಏಳುತ್ತಿಲ್ಲ. ಮಾತು ತೊದಲುತ್ತದೆ, ಸಿಟ್ಟು ಮಾತ್ರ ತೊದಲುವುದಿಲ್ಲ. ಹಾಡುಹಕ್ಕಿಗಳ ಪುಸ್ತಕಕ್ಕೆ ಅವರು ಬರೆಯಬೇಕಾದ ಹನ್ನೊಂದು ಚಿತ್ರ ಹಾಗೇ ಉಳಿದಿದ್ದವು. ಪ್ರಕಾಶಕರು ಫೋನ್ ಮಾಡಿ, "ಬೇರೆ ಯಾರ ಹತ್ರನಾದ್ರೂ ಬರೆಸ್ತೀವಿ ಬಿಡಿ" ಎಂದಾಗ ಇವರ ಮುಖ ನೋಡಲಾಗಲಿಲ್ಲ. "ನಾನೇ ಬರೀತೀನಿ, ಇವರು ಹೇಳಿಕೊಡ್ತಾರೆ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗಾಯಿತು.

ಹಕ್ಕಿ ಎಂದರೆ ಪುಕ್ಕ ಅಂದುಕೊಂಡಿದ್ದೆ ನೋಡು. ಮೊದಲು ಬರೆಯಬೇಕಿದ್ದದ್ದು ಪಿಕಳಾರ, ಅದೇ ಬುಲ್‌ಬುಲ್ ಹಕ್ಕಿ. ನನ್ನ ಮೊದಲ ಚಿತ್ರ ನೋಡಿ, "ಇದು ಹಕ್ಕಿನಾ? ಹತ್ತಿ ತುಂಬಿದ ದಿಂಬು" ಎಂದರು. ಕಾಲಿನ ನಡುವೆ ಹಿಂದಕ್ಕೆ ಬಾಗುವ ಗಂಟಿದೆಯಲ್ಲ, ಅದೇ ಮೊಣಕಾಲೆಂದು ಬರೆದಿದ್ದೆ. ಅದು ಹಿಮ್ಮಡಿಯಂತೆ! ನಿಜವಾದ ಮೊಣಕಾಲು ಪುಕ್ಕದೊಳಗೆ ಹೊಟ್ಟೆಗೆ ಒತ್ತಿಕೊಂಡು ಅಡಗಿರುತ್ತದಂತೆ. ನಾನು ಬರೆದದ್ದರ ಮೇಲೆಲ್ಲ ಇವರು ಟ್ರೇಸಿಂಗ್ ಪೇಪರ್ ಹಾಸಿ, ನಡುಗುವ ಎಡಗೈಯಲ್ಲಿ ಎಲುಬು ಬರೆಯುತ್ತಾರೆ. ಎಲುಬು ಮೈಯೊಳಗೆ ಕೂರದಿದ್ದರೆ ಚಿತ್ರ ಬುಟ್ಟಿಗೆ. ನಲವತ್ತು ಪಿಕಳಾರ ಹಾಗೆ ಹೋದವು. ಅಡುಗೆ, ಇವರ ಸ್ನಾನ, ಔಷಧಿ, ಮತ್ತೆ ಪಿಕಳಾರ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ.

ಮೊನ್ನೆ ಒಂದು ಚಿತ್ರಕ್ಕೆ ಎಲುಬೆಲ್ಲ ಸರಿಯಾಗಿ ಕೂತಿತು. ಇವರು ಎರಡು ಸಲ ಪೇಪರ್ ಎತ್ತಿ ನೋಡಿ, "ಸರಿ ಇದೆ" ಎಂದರು. ಪ್ರಕಾಶಕರೂ ಒಪ್ಪಿದ್ದಾರೆ. ಇನ್ನು ಹತ್ತು ಬರೆಯಬೇಕು.

ಬೆನ್ನುನೋವು ಎಂದು ನೀನು ಬರೆದಿದ್ದೆಯಲ್ಲ, ಭಾರ ಎತ್ತಬೇಡ. ಮಕ್ಕಳಿಗೆ ನನ್ನ ಮುದ್ದು. ನೀವೆಲ್ಲ ನೂರು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಒಂದು ಮಾತು ಬಿಟ್ಟಿದ್ದೆ. "ಸರಿ ಇದೆ" ಎಂದವರು ಗೋಡೆ ಕಡೆ ತಿರುಗಿ ಅತ್ತರು. "ಇನ್ನು ನಾನ್ಯಾಕೆ ಬೇಕು ನಿಂಗೆ?" ಎಂದರು. ಮೂವತ್ತು ವರ್ಷ ಅವರ ಬಣ್ಣದ ಬಟ್ಟಲು ತೊಳೆದೆ, "ನೀನೂ ಬರೀತೀಯಾ?" ಎಂದು ಒಂದು ದಿನವೂ ಕೇಳಿದವರಲ್ಲ. ಬೆನ್ನು ಸವರುತ್ತಾ ಕೂತೆ, ಸಮಾಧಾನದ ಮಾತೂ ಆಡಿದೆ. ಆದರೆ ಪುಟ್ಟಿ, ಅವರು ಅಳುತ್ತಿದ್ದಾಗ ನನಗೆ ಸಂತೋಷವಾಗಿತ್ತು ಕಣೇ. ಓದಿದ ಮೇಲೆ ಇದನ್ನು ಹರಿದುಹಾಕು.