ಮಗ್ಗ ನಿಲ್ಲಿಸುವ ಸನ್ನೆ

ಅಮರಗೋಳ, ಹುಬ್ಬಳ್ಳಿ
ಸೋಮವಾರ, ೧೨ ಜನವರಿ ೨೦೨೬

ಚಿರಂಜೀವಿ ಅಮರೇಶನಿಗೆ,

ಬರೆಯುತ್ತಿರುವವಳು ನಿನ್ನ ತಾಯಿ ಮುರಿಗೆವ್ವ, ಈ ಮನೆಯ ಹಿರಿಯಳು. ಹೈಸ್ಕೂಲು ಮುಗಿಸಿದವಳು, ನಾನು ಬರೆದದ್ದನ್ನು ಇನ್ನೊಬ್ಬರು ತಿದ್ದಬೇಕಾಗಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಮಸ್ಕತ್ತಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಹೆಂಡತಿ ರಜನಿ ಇದರ ಫೋಟೋ ತೆಗೆದು ಕಳಿಸುತ್ತಾಳೆ. ಅವಳನ್ನು ಬೈಯಬೇಡ, ನಾನು ಹೇಳಿದ್ದನ್ನು ಮಾಡುತ್ತಿದ್ದಾಳೆ.

ನಿಮ್ಮಪ್ಪನ ಮಿದುಳಿನಲ್ಲಿ ಎರಡನೆಯ ಸಲ ರಕ್ತಸ್ರಾವವಾಗಿದೆ. ಇನ್ನು ಸುಧಾರಿಸುವುದಿಲ್ಲ ಎಂದು ಡಾಕ್ಟರು ನಿನಗೂ ಹೇಳಿದ್ದಾರೆ. ಆದರೂ ಬೆಳಗಾವಿಗೆ ಒಯ್ದು ಉಸಿರಿನ ಯಂತ್ರಕ್ಕೆ ಹಾಕಿಸು ಎಂದು ನೀನು ಹಟ ಹಿಡಿದಿದ್ದೀ. "ನಾ ಬರೂತನಕ ಆದ್ರೂ ಇರ್ಲಿ, ಅವ್ವಾ" ಎಂದೆ. ಆ ಮಾತು ಚುಚ್ಚಿತು.

ಮುಗದದ ಒಕ್ಕಲುತನದ ಮನೆಯಿಂದ ಬಂದ ಅವರು ನಿವೃತ್ತರಾಗುವವರೆಗೆ ಗಿರಣಿಯ ಮಗ್ಗದ ಮುಂದೆಯೇ ನಿಂತರು. ಅಲ್ಲಿಯ ಸಪ್ಪಳದಲ್ಲಿ ಕೂಗಿದರೂ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಹೀಗಾಗಿ ಎಲ್ಲರೂ ಕೈಯಿಂದಲೇ ಮಾತಾಡುತ್ತಿದ್ದರು. ಮೇಲ್ವಿಚಾರಕ ಜಾಬರ ಬಂದ ಎನ್ನಲು ಮೀಸೆ ತಿರುವುವುದು. ಮಗ್ಗ ನಿಲ್ಲಿಸು ಎನ್ನಲು ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತುವುದು. ಆ ಭಾಷೆ ಮನೆಗೂ ಬಂತು. ನೀನೂ ನಿನ್ನಕ್ಕ ಶಾಂಭವಿಯೂ ಮಾತು ಬರುವ ಮೊದಲೇ ಸನ್ನೆ ಕಲಿತಿರಿ. ಅವಳಿಗೆ ವರ ನೋಡಲು ಮಾಳಮಡ್ಡಿಗೆ ಹೋದಾಗ ಆ ಮನೆಯವರು ವರದಕ್ಷಿಣೆಗೆ ಕಾರಿನ ಮಾತು ತೆಗೆದರು. ನಿಮ್ಮಪ್ಪ ತಟ್ಟೆಯ ಮೇಲೆ ಎರಡು ಸಲ ಅಂಗೈ ಒತ್ತಿದರು. ಅವಲಕ್ಕಿ ಸಾಕು ಎನ್ನುತ್ತಿದ್ದಾರೆಂದು ವರನ ಕಡೆಯವರು ತಿಳಿದರು. ಮಾತು ಇಲ್ಲಿಗೆ ನಿಲ್ಲಿಸು ಎಂದದ್ದು ನನಗೆ ತಿಳಿಯಿತು, ಸೆರಗು ಸರಿಮಾಡಿಕೊಂಡು ಎದ್ದೆ.

ಎಳೆ ಹರಿದರೆ ಅವರು ತಕ್ಷಣ ಮಗ್ಗ ನಿಲ್ಲಿಸುತ್ತಿದ್ದರು. ನೇಯ್ದ ಉದ್ದಕ್ಕೆ ಕೂಲಿಯಾದ್ದರಿಂದ ಬೇರೆಯವರು ಹಾಗೇ ಓಡಿಸುತ್ತಿದ್ದರು. ಜಾಬರ ರೇಗಿದರೆ, "ಅರಿವಿ ಕೆಟ್ಟಮ್ಯಾಲ ಎಷ್ಟ ಉದ್ದ ಆದ್ರೇನ್ರಿ?" ಎನ್ನುತ್ತಿದ್ದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಶನಿವಾರ ಪಕ್ಕದ ಮಗ್ಗದ ಖಾದರಬಾಷಾ ಆಸ್ಪತ್ರೆಗೆ ಬಂದಿದ್ದ. "ಏನಲೇ ಗುರುಶಿದ್ದಾ, ಎರಡೂ ಪಾಳಿ ಮಲ್ಕೊಂಡ ಕಳದಿಯಲ್ಲೋ! ಜಾಬರ ಬಂದಾನ, ಏಳ!" ಎಂದು ಚಾಷ್ಟಿ ಮಾಡಿದ. ನಿಮ್ಮಪ್ಪನಿಗೆ ಮಾತು ಹೋಗಿದೆ, ಆದರೆ ಎಡಗೈ ಮೆಲ್ಲಗೆ ಎದ್ದಿತು. ಅಂಗೈ ಕೆಳಗಾಗಿ ಎರಡು ಸಲ ಒತ್ತಿತು. ಖಾದರಬಾಷಾ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ. ಅವರು ನನ್ನನ್ನೇ ನೋಡುತ್ತ ಮತ್ತೆ ಒತ್ತಿದರು. ರಜನಿ ಹಿಡಿದಿದ್ದ ವಿಡಿಯೋದಲ್ಲಿ ನೀನೂ ನೋಡಿದೆ, ಆಗಲೇ ಫೋನು ಇಟ್ಟೆ. ನೋಡಲಿಲ್ಲ ಎಂದು ನನ್ನ ಮುಂದೆ ಹೇಳಬೇಡ.

ಮೈ ಕಾಯ್ದುಕೋ. ಶಿವ ನಿನಗೆ ಗಟ್ಟಿ ಮನಸ್ಸು ಕೊಡಲಿ.

ನಿನ್ನ ಅವ್ವ,
ಮುರಿಗೆವ್ವ

ತಾ.ಕ.: ನೀನು ಗೊತ್ತುಮಾಡಿದ್ದ ಬೆಳಗಾವಿಯ ಅಂಬ್ಯುಲೆನ್ಸನ್ನು ಬೆಳಿಗ್ಗೆ ವಾಪಸು ಕಳಿಸಿದೆ. ಸಹಿ ನಾನೇ ಹಾಕಿ ಅವರನ್ನು ಮನೆಗೆ ಕರೆತಂದಿದ್ದೇನೆ. ಪಡಸಾಲೆಯಲ್ಲಿ ಮಲಗಿದ್ದಾರೆ, ನೋವಿಗೆ ಡಾಕ್ಟರು ಕೊಟ್ಟ ಔಷಧ ನಡೆದಿದೆ. ಆಸ್ಪತ್ರೆಯಲ್ಲಿ ಬಿಚ್ಚಿಸಿದ್ದ ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿದ್ದೇನೆ. ಉಸಿರಿದೆ. ಸಿಕ್ಕ ವಿಮಾನ ಹಿಡಿದು ಬಾ. ತಡವಾದರೆ ಅವರ ಮೇಲೆ ಸಿಟ್ಟಾಗಬೇಡ, ನನ್ನ ಮೇಲೆ ಆಗು.